ಹರಿಕೇನಿಗೆ ಯಾವ ಹಸಿರು, ಯಾವ ಕಂದು?

1/72 ಅಳತೆಯ ಹಾಕರ್ ಹರಿಕೇನ್ ಕಿಟ್‌ನ ಡಬ್ಬಿ ಬಿಚ್ಚಿದರೆ ತಳದಲ್ಲಿ ಮಡಚಿಟ್ಟ ಒಂದು ಹಾಳೆ ಇರುತ್ತದೆ. ತಕರಾರು ಶುರುವಾಗುವುದು ಅಲ್ಲಿಂದ. ಮೇಲ್ಮೈಗೆ ‘ಡಾರ್ಕ್ ಅರ್ಥ್’ ಮತ್ತು ‘ಡಾರ್ಕ್ ಗ್ರೀನ್’ ಬಳಿಯಿರಿ ಎಂದು ಆ ಹಾಳೆ ಹೇಳುತ್ತದೆ, ಪಕ್ಕದಲ್ಲಿ ಯಾವುದೋ ಒಂದು ಕಂಪನಿಯ ನಂಬರು ಕೊಡುತ್ತದೆ. ಆ ನಂಬರಿನ ಬಾಟಲಿ ಸಿಗದೆ ಬೇರೆ ಎರಡು ಕಂಪನಿಗಳ ಡಾರ್ಕ್ ಅರ್ಥ್ ತಂದು ಬಿಳಿ ಪ್ಲಾಸ್ಟಿಕ್ ಚೂರಿನ ಮೇಲೆ ಅಕ್ಕಪಕ್ಕ ಬಳಿದು ನೋಡಿ. ಒಂದು ಕೆಂಪಿಗೆ ಜಗ್ಗುತ್ತದೆ, ಇನ್ನೊಂದು ಹಸಿರಿಗೆ. ಹೆಸರು ಮಾತ್ರ ಒಂದೇ.

ಯಾವ ಕಂಪನಿಯದು ಸರಿ ಎಂದು ಹೊಸಬರು ಕೇಳುತ್ತಾರೆ. ಅದು ಎರಡನೆಯ ಪ್ರಶ್ನೆ. ಮೊದಲು ಗೊತ್ತಾಗಬೇಕಾದ್ದು ಯಾವ ವಿಮಾನ, ಯಾವ ವರ್ಷ, ಯಾವ ರಣರಂಗ ಎಂಬುದು. ಹಾಗೆ ಗೊತ್ತುಮಾಡಿಕೊಂಡವರಿಗೆ ಬಾಟಲಿ ಆರಿಸುವುದು ಅರ್ಧ ಗಂಟೆಯ ಕೆಲಸ. ಗೊತ್ತುಮಾಡಿಕೊಳ್ಳದವರು ಅತ್ಯಂತ ದುಬಾರಿ ಬಣ್ಣ ತಂದರೂ ಅದು ‘ಒಂದು ಹರಿಕೇನ್’ ಆಗುತ್ತದೆಯೇ ಹೊರತು ‘ಆ ಹರಿಕೇನ್’ ಆಗುವುದಿಲ್ಲ.

ಆದ್ದರಿಂದ ಒಂದು ನಿರ್ದಿಷ್ಟ ವಿಮಾನವನ್ನೇ ಮೇಜಿನ ಮೇಲೆ ಇಟ್ಟುಕೊಂಡು ಮಾತಾಡೋಣ. 1944ರಲ್ಲಿ ಜಪಾನಿ ಸೇನೆ ಇಂಫಾಲವನ್ನು ಮುತ್ತಿದಾಗ ಅಲ್ಲಿಂದ ಹಾರುತ್ತಿದ್ದ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಹರಿಕೇನ್ ಮಾರ್ಕ್ 2ಸಿ. ಆಗ ಆ ಸ್ಕ್ವಾಡ್ರನ್ನಿನ ನಾಯಕ ಅರ್ಜನ್ ಸಿಂಗ್. ಮುಂದೆ 1965ರ ಯುದ್ಧದ ಹೊತ್ತಿಗೆ ಇಡೀ ವಾಯುಪಡೆಯ ಮುಖ್ಯಸ್ಥರಾಗಿದ್ದವರು. ಉಳಿದ ದೇಶಗಳ ವಿಮಾನಗಳಿಗೂ ದಾರಿ ಇದೇ. ಹೆಸರು, ನಂಬರು ಬದಲಾಗುತ್ತವೆ, ಅಷ್ಟೇ.

ಸರ್ಕಾರ ಹೇಳಿದ್ದು

ಬ್ರಿಟನ್ನಿನ ವಾಯು ಸಚಿವಾಲಯ ಬಣ್ಣಗಳಿಗೆ ಹೆಸರಿಟ್ಟು, ಮಾದರಿ ಚೂರುಗಳನ್ನು ತಯಾರಕರಿಗೆ ಕಳಿಸಿ, ಅದಕ್ಕೆ ಹೊಂದಿಸಿ ಮಾಡಿಕೊಡಿ ಎನ್ನುತ್ತಿತ್ತು. ಟೈಟನೈನ್, ಸೆಲ್ಲಾನ್‌ನಂಥ ಹಲವು ಕಂಪನಿಗಳು ಬಣ್ಣ ಪೂರೈಸುತ್ತಿದ್ದವು. ಹಲವು ಕಾರ್ಖಾನೆ, ಯುದ್ಧಕಾಲದ ಕಚ್ಚಾವಸ್ತು, ಅವಸರ. ಆದರೂ ಬ್ರಿಟಿಷ್ ಬಣ್ಣಗಳು ಸಾಕಷ್ಟು ಶಿಸ್ತಿನಲ್ಲೇ ಇದ್ದವು ಎಂದು ನಾನು ನಂಬುತ್ತೇನೆ. ಕಾರ್ಖಾನೆಯಿಂದ ಹೊರಬಂದ ದಿನ ಒಂದು ಡಾರ್ಕ್ ಗ್ರೀನ್‌ಗೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸ, ಇಂದು ಎರಡು ಹವ್ಯಾಸಿ ಕಂಪನಿಗಳ ಬಾಟಲಿಗಳ ನಡುವೆ ಇರುವ ವ್ಯತ್ಯಾಸಕ್ಕಿಂತ ಕಡಿಮೆಯೇ ಇದ್ದೀತು. ‘ಯುದ್ಧದಲ್ಲಿ ಎಲ್ಲ ನಡೆಯುತ್ತಿತ್ತು, ಯಾವ ಬಣ್ಣ ಬಳಿದರೂ ಸರಿ’ ಎನ್ನುವವರ ಮಾತನ್ನು ಅದಕ್ಕೇ ನಾನು ಪೂರ್ತಿ ಒಪ್ಪುವುದಿಲ್ಲ.

ಈ ಬಣ್ಣಗಳಲ್ಲಿ ಹಲವು ಇಂದಿಗೂ ಬ್ರಿಟಿಷ್ ಸ್ಟ್ಯಾಂಡರ್ಡ್ 381ಸಿ ಎಂಬ ಬಣ್ಣಪಟ್ಟಿಯಲ್ಲಿ ಉಳಿದಿವೆ. ಡಾರ್ಕ್ ಅರ್ಥ್‌ಗೆ 450, ಡಾರ್ಕ್ ಗ್ರೀನ್‌ಗೆ 641, ಮೀಡಿಯಮ್ ಸೀ ಗ್ರೇಗೆ 637, ಸ್ಕೈಗೆ 210. ಇನ್ನೂ ಹತ್ತಿರದ ಆಧಾರ ಬೇಕಾದವರು ರಾಯಲ್ ಏರ್ ಫೋರ್ಸ್ ಮ್ಯೂಸಿಯಂ ಹೆಸರಿನಲ್ಲಿ 1976ರಲ್ಲಿ ಬಂದ, ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನ ಬಣ್ಣಗಳ ಪುಸ್ತಕವನ್ನು ಹುಡುಕುತ್ತಾರೆ. ಅದರಲ್ಲಿ ಇರುವುದು ಮುದ್ರಿಸಿದ ಬಣ್ಣವಲ್ಲ, ನಿಜವಾದ ಪೇಂಟಿನ ಚೂರುಗಳು. ಹಳೆಯ ಪ್ರತಿಗಳು ಸಿಗುವುದು ಅಪರೂಪ, ಸಿಕ್ಕರೂ ಬೆಲೆ ಹೆಚ್ಚು. ಒಂದು ಪ್ರತಿ ಇರುವವರನ್ನು ಗೆಳೆಯರನ್ನಾಗಿ ಮಾಡಿಕೊಳ್ಳುವುದು ಅಗ್ಗದ ದಾರಿ.

ಈ ಅಧಿಕೃತ ಹೆಸರುಗಳ ಬಗ್ಗೆ ಎರಡು ಸಂಗತಿ ನೆನಪಿರಲಿ. ಒಂದು, 1940ರ ಬೇಸಿಗೆಯಲ್ಲಿ ಫೈಟರ್‌ಗಳ ಕೆಳಮೈಗೆ ಬಂದ ಸ್ಕೈ ಬಣ್ಣವನ್ನು ‘ಸ್ಕೈ ಟೈಪ್ ಎಸ್’ ಎಂದು ಬರೆಯುವ ರೂಢಿ ಇದೆ. ಆ ‘ಎಸ್’ ನಯವಾದ ಮೇಲ್ಮೈಯ ಗುರುತು, ಛಾಯೆಯದಲ್ಲ. ಅದನ್ನು ನೋಡಿ ಸ್ಕೈಯಲ್ಲೇ ಬೇರೆ ಬೇರೆ ಜಾತಿಗಳಿವೆ ಎಂದು ಹುಡುಕುತ್ತ ಕೂರಬೇಡಿ. ಎರಡು, ಆಗಸ್ಟ್ 1941ರಲ್ಲಿ ಯೂರೋಪಿನ ಫೈಟರ್‌ಗಳ ಮೇಲ್ಮೈಯ ಕಂದು ಹೋಗಿ ಓಷನ್ ಗ್ರೇ ಬಂತು. ಕೆಳಮೈಗೆ ಸ್ಕೈ ಹೋಗಿ ಮೀಡಿಯಮ್ ಸೀ ಗ್ರೇ ಬಂತು. ಓಷನ್ ಗ್ರೇ ಎಲ್ಲ ನೆಲೆಗಳಿಗೂ ತಲುಪುವವರೆಗೆ ಏಳು ಭಾಗ ಮೀಡಿಯಮ್ ಸೀ ಗ್ರೇಗೆ ಒಂದು ಭಾಗ ‘ನೈಟ್’, ಅಂದರೆ ಕಪ್ಪು, ಬೆರೆಸಿ ಬಳಿಯಿರಿ ಎಂದು ಆದೇಶ ಹೋಯಿತು. ಹಾಗಾಗಿ 1941ರ ಕೊನೆಯ ಸ್ಪಿಟ್‌ಫೈರ್ ಕಟ್ಟುವವರು ಬೂದಿಯನ್ನು ತಾವೇ ಬೆರೆಸಿಕೊಂಡರೆ ಅದೇನೂ ಅಡ್ಡದಾರಿಯಲ್ಲ, ಆಗಿನ ನೆಲದ ಸಿಬ್ಬಂದಿ ಮಾಡಿದ್ದೂ ಅದನ್ನೇ.

ನಮ್ಮ ಇಂಫಾಲದ ಹರಿಕೇನಿಗೆ ಈ ಬೂದಿ ಬೇಕಿಲ್ಲ. ಭಾರತ-ಬರ್ಮಾ ರಂಗದಲ್ಲಿ ಕಾಡಿನ ಮೇಲೆ ತಗ್ಗಿನಲ್ಲಿ ಹಾರುತ್ತಿದ್ದ ಹರಿಕೇನ್‌ಗಳು ಬಹುಮಟ್ಟಿಗೆ ಹಳೆಯ ಹಸಿರು-ಕಂದನ್ನೇ ಉಳಿಸಿಕೊಂಡವು. ಯೂರೋಪಿನ ತಾರೀಖುಗಳನ್ನು ಇಲ್ಲಿಗೆ ತಂದು ಅಂಟಿಸುವುದು ಹೊಸಬರು ಮಾತ್ರವಲ್ಲ, ಕೆಲವು ಕಿಟ್ ಕಂಪನಿಗಳೂ ಮಾಡುವ ಎಡವಟ್ಟು.

ಇಲ್ಲಿನ ವಿಮಾನಗಳ ವಿಷಯ ಬೇರೆ

ನಮ್ಮ ಕಡೆಯ ವಿಮಾನಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕೆಂಪಿಲ್ಲದ ರೌಂಡೆಲ್. ಜಪಾನಿ ವಿಮಾನಗಳ ಮೇಲೆ ದೊಡ್ಡ ಕೆಂಪು ವೃತ್ತವಿರುತ್ತಿತ್ತು. ಹಾರುವ ವೇಗದಲ್ಲಿ ಕೆಂಪು ಚುಕ್ಕೆ ಕಂಡರೆ ಗುಂಡು ಹಾರಿಸುವ ಕಾಲ. ಅಮೆರಿಕನ್ನರು ತಮ್ಮ ನಕ್ಷತ್ರದ ನಡುವಿನ ಕೆಂಪು ಚುಕ್ಕೆಯನ್ನು ಮೇ 1942ರಲ್ಲಿ ಕಿತ್ತರು. ಭಾರತದಲ್ಲಿದ್ದ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ರೌಂಡೆಲ್‌ನಿಂದಲೂ ಕೆಂಪು ಹೋಯಿತು. ಮೊದಲು ನೀಲಿ-ಬಿಳಿ, ಆಮೇಲೆ ಕಡುನೀಲಿಯೊಳಗೆ ತಿಳಿನೀಲಿ. ಈ ತಿಳಿನೀಲಿಯನ್ನು ನೀಲಿಗೆ ಬಿಳಿ ಬೆರೆಸಿ ಮಾಡುತ್ತಿದ್ದರು. ಡಿಕಾಲ್ ಹಾಳೆಗಳಲ್ಲಿ ಅದು ಒಬ್ಬರದು ಆಕಾಶದ ಬಣ್ಣ, ಇನ್ನೊಬ್ಬರದು ಬಹುತೇಕ ಬಿಳಿ. ನಾನಾದರೆ ಗಾಢವಾದದ್ದನ್ನು ಬಿಟ್ಟು ತಿಳಿಯಾದದ್ದನ್ನು ಆರಿಸುತ್ತೇನೆ. ಇಲ್ಲಿನ ಬಿಸಿಲು ತಿಳಿನೀಲಿಯನ್ನು ಬಹಳ ದಿನ ಗಾಢವಾಗಿ ಉಳಿಯಲು ಬಿಡುವುದಿಲ್ಲ. ರೆಕ್ಕೆ ಮತ್ತು ಬಾಲದ ಮೇಲೆ ಅಗಲವಾದ ಬಿಳಿ ಪಟ್ಟಿಗಳಿರುವ ಚಿತ್ರ ನೋಡಿದರೆ ತಾರೀಖು ವಿಚಾರಿಸಿ. ಆ ಪಟ್ಟಿಗಳು ಯುದ್ಧದ ಕೊನೆಯ ಹಂತದ, 1945ರ ಗುರುತು. ಇಂಫಾಲದ ಮುತ್ತಿಗೆಯ ಕಾಲದ ವಿಮಾನಕ್ಕೆ ಅವನ್ನು ಅಂಟಿಸಬೇಡಿ.

ಇನ್ನೊಂದು, ದುರಸ್ತಿ. ವಿಮಾನ ಒಂದೇ ಕೋಟಿನಲ್ಲಿ ಯುದ್ಧ ಮುಗಿಸುತ್ತಿರಲಿಲ್ಲ. ಬೆಂಗಳೂರಿನ ಕಥೆಯನ್ನೇ ತೆಗೆದುಕೊಳ್ಳಿ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರ ಹೊತ್ತಿಗೆ ಅಮೆರಿಕನ್ ವಾಯುಪಡೆಯ ಕೈಯಲ್ಲಿ ದೊಡ್ಡ ದುರಸ್ತಿ ಕೇಂದ್ರವಾಗಿತ್ತು. ಸಿ-47 ಸಾಗಣೆ ವಿಮಾನಗಳು, ಬಾಂಬರ್‌ಗಳು, ಕ್ಯಾಟಲೀನಾ ಹಾರುದೋಣಿಗಳು ಅಲ್ಲಿ ಬಿಚ್ಚಿಸಿಕೊಂಡು ಮತ್ತೆ ಜೋಡಣೆಯಾಗುತ್ತಿದ್ದವು. ಇಂಥ ಕಡೆ ಬದಲಾಯಿಸಿದ ರೆಕ್ಕೆಯ ತುದಿ, ಹೊಸ ಎಂಜಿನ್ ಹೊದಿಕೆ, ತೇಪೆ ಹಾಕಿದ ಚುಕ್ಕಾಣಿ ಎಲ್ಲಕ್ಕೂ ಆ ದಿನ ಡಿಪೋದಲ್ಲಿ ಇದ್ದ ಬಣ್ಣವೇ ಸಿಗುತ್ತಿತ್ತು. ಭಾರತದಲ್ಲಿ ಓಡಾಡಿದ ಅಮೆರಿಕನ್ ವಿಮಾನದ ಮಾಡೆಲ್ ಮಾಡುವವರು ಒಂದೆರಡು ಭಾಗಕ್ಕೆ ಸ್ವಲ್ಪ ಬೇರೆಯಾದ ಆಲಿವ್ ಡ್ರ್ಯಾಬ್ ಹಾಕುವುದಕ್ಕೆ ಹಿಂಜರಿಯಬೇಕಿಲ್ಲ. ಆದರೆ ಫೋಟೊದಲ್ಲಿ ಕಂಡರೆ ಹಾಕಿ. ‘ಚೆಂದ ಕಾಣುತ್ತದೆ’ ಎಂದು ಹಾಕಿದರೆ ಅದು ಅಲಂಕಾರ.

ಕಪ್ಪು-ಬಿಳುಪು ಫೋಟೊ ಓದುವುದು

ಎಲ್ಲ ವಾದಗಳೂ ಕೊನೆಗೆ ಬಂದು ನಿಲ್ಲುವುದು ಫೋಟೊದ ಮುಂದೆ. ಬರ್ಮಾ ರಂಗದ ಬಹುಪಾಲು ಫೋಟೊಗಳು ಕಪ್ಪು-ಬಿಳುಪಿನವು. ಇವುಗಳಿಂದ ಬಣ್ಣ ತಿಳಿಯಲಾಗದು ಎನ್ನುವುದು ಅರ್ಧ ಸತ್ಯ.

ಆ ಕಾಲದಲ್ಲಿ ಎರಡು ಬಗೆಯ ಫಿಲ್ಮ್ ಬಳಕೆಯಲ್ಲಿದ್ದವು. ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್‌ಗೆ ಎಲ್ಲ ಬಣ್ಣವೂ ಕಾಣುತ್ತದೆ. ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುವುದೇ ಇಲ್ಲ. ಅದರಲ್ಲಿ ಕೆಂಪು ಹೆಚ್ಚುಕಡಿಮೆ ಕಪ್ಪಾಗುತ್ತದೆ, ಹಳದಿ ಮಂಕಾಗಿ ಗಾಢವಾಗುತ್ತದೆ, ನೀಲಿ ತಿಳಿಯಾಗುತ್ತದೆ. ಬ್ರಿಟಿಷ್ ರೌಂಡೆಲ್‌ನ ಹೊರಗಿನ ಹಳದಿ ಉಂಗುರ ಕೆಲವು ಫೋಟೊಗಳಲ್ಲಿ ನೀಲಿಗಿಂತ ಕಪ್ಪಾಗಿ ಕಾಣುವುದು ಇದೇ ಕಾರಣಕ್ಕೆ. ‘ಹಳದಿ ಉಂಗುರವೇ ಇಲ್ಲದ ಅಪರೂಪದ ವಿಮಾನ’ ಎಂದು ಸಂಭ್ರಮಿಸಿದವರು ಹಲವರಿದ್ದಾರೆ. ನಮ್ಮ ಹರಿಕೇನಿನ ವಿಷಯದಲ್ಲಿ ಇದರ ಪರಿಣಾಮ ಸೂಕ್ಷ್ಮ. ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ನಲ್ಲಿ ರೌಂಡೆಲ್‌ನ ತಿಳಿನೀಲಿ ನಡುಭಾಗ ಬಿಳಿಯಂತೆಯೇ ಕಾಣಬಹುದು. ಡಾರ್ಕ್ ಅರ್ಥ್‌ನಲ್ಲಿ ಕೆಂಪಿನಂಶ ಇರುವುದರಿಂದ ಅದು ನಿಜಕ್ಕಿಂತ ಕಪ್ಪಾಗಿ, ಹಸಿರಿಗೆ ಹತ್ತಿರವಾಗಿ, ಎರಡರ ನಡುವಿನ ಗೆರೆಯೇ ಅಳಿಸಿದಂತೆ ತೋರಬಹುದು.

ಹಾಗಾದರೆ ಫೋಟೊ ಓದುವುದು ಹೇಗೆ? ಅದರಲ್ಲಿ ಬಣ್ಣ ಗೊತ್ತಿರುವ ವಸ್ತುವೊಂದನ್ನು ಮೊದಲು ಹಿಡಿಯಿರಿ. ಪೈಲಟ್ಟಿನ ಖಾಕಿ ಅಂಗಿ, ಕಪ್ಪು ಟೈರು, ಬಾಲದ ಮೇಲಿನ ಬಿಳಿ ಪಟ್ಟಿ, ನೆಲದ ಹುಲ್ಲು, ಯಾವುದಾದರೂ ಆದೀತು. ಆ ವಸ್ತುಗಳು ಇರಬೇಕಾದಷ್ಟು ಗಾಢತೆಯಲ್ಲೇ ಇದ್ದರೆ ಫಿಲ್ಮ್ ನಂಬಬಹುದಾದದ್ದು. ಆಮೇಲೆ ಕೆಳಮೈಯನ್ನು ಬಿಳಿಗೆ ಹೋಲಿಸಿ. ಸ್ಕೈ ಬಣ್ಣ ಬಿಳಿಗೆ ಹತ್ತಿರ, ಮೀಡಿಯಮ್ ಸೀ ಗ್ರೇ ಅದಕ್ಕಿಂತ ಎರಡು ಮೆಟ್ಟಿಲು ಕೆಳಗೆ. ಈ ರಂಗದ ಹರಿಕೇನ್‌ಗಳ ಕೆಳಮೈಗೆ ಮೀಡಿಯಮ್ ಸೀ ಗ್ರೇ ಎನ್ನುವುದು ಹೆಚ್ಚಾಗಿ ಸಿಗುವ ಉತ್ತರ. ನಿಮ್ಮ ಫೋಟೊ ಬೇರೆ ಹೇಳಿದರೆ ಫೋಟೊದ ಮಾತು ಕೇಳಿ. ಕೆಳಮೈ ಸದಾ ನೆರಳಲ್ಲೇ ಇರುತ್ತದೆ ಎಂಬುದು ಮಾತ್ರ ಮನಸ್ಸಿನಲ್ಲಿರಲಿ. ನೆರಳಿನ ಬಿಳಿಯೂ ಬೂದಿಯಂತೆ ಕಾಣುತ್ತದೆ.

ಬಣ್ಣದ ಫೋಟೊ ಸಿಕ್ಕರೆ ಮುಗಿಯಿತಲ್ಲ ಎನ್ನಬೇಡಿ. 1930ರ ದಶಕದ ನಡುವೆ ಬಂದ ಕೊಡಾಕ್ರೋಮ್ ಚೆನ್ನಾಗಿ ಬಾಳುವ ಫಿಲ್ಮ್, ನಿಜ. ಆದರೆ ನಾವು ನೋಡುವುದು ಆ ಮೂಲ ಸ್ಲೈಡನ್ನಲ್ಲ. ಅದನ್ನು ಸ್ಕ್ಯಾನ್ ಮಾಡಿ, ತಿದ್ದಿ, ಪುಸ್ತಕದಲ್ಲಿ ಮುದ್ರಿಸಿದ ಅಥವಾ ಫೋನಿನಲ್ಲಿ ತೆರೆದ ಮೂರನೇ ನಾಲ್ಕನೇ ಕೈಯ ಚಿತ್ರ. ಅದರಲ್ಲಿ ಮುಖದ ಬಣ್ಣ ಸಹಜವಾಗಿದೆಯೇ, ಮೋಡ ಬೆಳ್ಳಗಿದೆಯೇ ನೋಡಿ. ಮೋಡವೇ ಗುಲಾಬಿಯಾಗಿದ್ದರೆ ವಿಮಾನದ ಕಂದಿನ ಬಗ್ಗೆ ತೀರ್ಮಾನ ಕೊಡಬೇಡಿ. ಇತ್ತೀಚೆಗೆ ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಕಂಪ್ಯೂಟರ್ ಬಣ್ಣ ತುಂಬಿ ಹಂಚುವ ಚಾಳಿ ಬೇರೆ ಬಂದಿದೆ. ಅವು ನೋಡಲು ಚೆಂದ, ಪುರಾವೆಯಾಗಿ ಸೊನ್ನೆ.

ಮ್ಯೂಸಿಯಂ ವಿಮಾನಗಳ ವಿಷಯವೂ ಹೀಗೆಯೇ. ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಸಂಗ್ರಹಾಲಯದಲ್ಲಿ ಹರಿಕೇನ್ ಇದೆ, ಸ್ಪಿಟ್‌ಫೈರ್ ಇದೆ. ಹೋದಾಗ ನೋಡಲೇಬೇಕು. ಆದರೆ ನೋಡಬೇಕಾದ್ದು ತಗಡಿನ ಜೋಡಣೆ, ರಿವೆಟ್ಟು, ಬಟ್ಟೆ ಹೊದಿಸಿದ ಭಾಗದ ಏರಿಳಿತ, ಚಕ್ರದ ಗೂಡಿನ ಒಳಭಾಗ. ದಶಕಗಳಲ್ಲಿ ಮತ್ತೆ ಮತ್ತೆ ಬಣ್ಣ ಕಂಡ ಯಾವುದೇ ಪ್ರದರ್ಶನ ವಿಮಾನದ ಹೊರಮೈ ಆ ಕೊನೆಯ ಪೇಂಟರನ ತೀರ್ಮಾನ. ಕಾಡಿನಲ್ಲೋ ಕೆರೆಯಲ್ಲೋ ಸಿಕ್ಕ ಅವಶೇಷದ ಚೂರಿಗೂ ಅರ್ಧ ಬೆಲೆಯನ್ನೇ ಕೊಡಿ. ಎಣ್ಣೆಯ ಅಂಶವಿದ್ದ ಹಳೆಯ ಬಣ್ಣ ಬೆಳಕಿಲ್ಲದ ಕಡೆ ಹಳದಿಗೆ ತಿರುಗುತ್ತದೆ, ಬಿಸಿಲಲ್ಲಿ ಸುಣ್ಣದಂತೆ ಪುಡಿಯೇಳುತ್ತದೆ. ತಗಡುಗಳ ನಡುವೆ ಸಿಕ್ಕಿಕೊಂಡು ಬಿಸಿಲು ಕಾಣದ, ನೀರು ತಾಗದ ಅಂಚು ಸಿಕ್ಕರೆ ಮಾತ್ರ ಅದು ಚಿನ್ನ.

ಬೇರೆ ದೇಶಗಳ ನಂಬರುಗಳು, ಚುಟುಕಾಗಿ

ಅಮೆರಿಕನ್ ವಿಮಾನಗಳ ಮಾತು ಬಂದಾಗ ಐದಂಕಿಯ ಎಫ್‌ಎಸ್ ನಂಬರು ಬರುತ್ತದೆ. ಇದು ಫೆಡರಲ್ ಸ್ಟ್ಯಾಂಡರ್ಡ್ 595 ಎಂಬ ಪಟ್ಟಿಯದು. ಮೊದಲ ಅಂಕಿ ಹೊಳಪನ್ನು ಹೇಳುತ್ತದೆ: 1 ಹೊಳಪು, 2 ಅರೆಹೊಳಪು, 3 ಹೊಳಪಿಲ್ಲದ್ದು. ಎರಡನೆಯದು ಬಣ್ಣದ ಗುಂಪು: 0 ಕಂದು, 1 ಕೆಂಪು, 4 ಹಸಿರು, 5 ನೀಲಿ, 6 ಬೂದಿ, ಹೀಗೆ. ಉಳಿದ ಮೂರು ಹೆಚ್ಚುಕಡಿಮೆ ಗಾಢದಿಂದ ತಿಳಿಗೆ ಹೋಗುವ ಕ್ರಮ. 35042 ಮತ್ತು 15042 ನೋಡಿ. ಅಮೆರಿಕನ್ ನೌಕಾಪಡೆಯ ಸೀ ಬ್ಲೂ ಎರಡೂ, ಒಂದು ಹೊಳಪಿಲ್ಲದ್ದು, ಒಂದು ಫಳಫಳ ಹೊಳೆಯುವಂಥದು. ಇಷ್ಟು ತಿಳಿದರೆ ಬಾಟಲಿ ತೆರೆಯದೆಯೇ ಅರ್ಧ ವಿಷಯ ಗೊತ್ತಾಗುತ್ತದೆ. ಆದರೆ ಈ ಪಟ್ಟಿ ಹೊರಬಂದದ್ದು 1956ರಲ್ಲಿ, ಯುದ್ಧ ಮುಗಿದು ಹತ್ತು ವರ್ಷವಾದ ಮೇಲೆ. 1943ರ ಬಿ-24ಗೆ ಎಫ್‌ಎಸ್ 34087 ಎಂದು ಯಾರಾದರೂ ಬರೆದರೆ ಅದರರ್ಥ ‘ಇದು ಹತ್ತಿರದ ಹೊಂದಾಣಿಕೆ’ ಎಂದಷ್ಟೇ. ಯುದ್ಧಕಾಲದ ಆಲಿವ್ ಡ್ರ್ಯಾಬ್ ಅಂತೂ ಬಿಸಿಲಿಗೆ ಕಂದಾಗಿ, ಕೆಲವೊಮ್ಮೆ ನೇರಳೆಯ ಛಾಯೆಗೆ ತಿರುಗಿ ಯಾವ ನಂಬರಿಗೂ ಸಿಗದಂತೆ ಓಡುತ್ತಿತ್ತು.

ಜರ್ಮನರ ಬಣ್ಣಗಳಿಗೆ ವಾಯು ಸಚಿವಾಲಯದ ಆರ್‌ಎಲ್‌ಎಂ ನಂಬರುಗಳಿವೆ. ಯುದ್ಧದ ಮಧ್ಯಕಾಲದ ಫೈಟರ್‌ಗಳ 74, 75, 76 ಎಂಬ ಬೂದಿಗಳ ಕುಟುಂಬ ಸಾಕಷ್ಟು ಗಟ್ಟಿ ನೆಲದ ಮೇಲಿದೆ. 1944ರ ನಂತರದ 81, 82 ಮತ್ತಿತರ ಹಸಿರು-ಕಂದುಗಳಲ್ಲಿ ಉಳಿದ ಚೂರುಗಳೇ ಒಂದಕ್ಕೊಂದು ಒಪ್ಪುವುದಿಲ್ಲ. 81 ಒಂದು ಕಡೆ ಚಾಕೊಲೆಟ್ ಕಂದು, ಇನ್ನೊಂದು ಕಡೆ ಆಲಿವ್ ಹಸಿರು. ಹೊಸಬರು ಜರ್ಮನ್ ವಿಮಾನದಿಂದ ಶುರುಮಾಡುವುದಾದರೆ 1942-43ರದ್ದನ್ನು ಆರಿಸಿಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ.

ಜಪಾನಿನ ಝೀರೊ ಫೈಟರನ್ನು ಕಿಟ್‌ಗಳು ಬಹುಕಾಲ ಅಚ್ಚ ತಿಳಿಬೂದಿಯಲ್ಲೇ ತೋರಿಸಿದವು. ಉಳಿದ ತಗಡುಗಳನ್ನು ಕೂತು ಪರೀಕ್ಷಿಸಿದವರು ಅದರಲ್ಲಿ ಹಸಿರು-ಹಳದಿಯ ಛಾಯೆ ಕಂಡರು. ಯುದ್ಧಾರಂಭದ ಝೀರೊ ಮಾಡುವವರು ಸ್ವಲ್ಪ ಹೊಳಪಿರುವ, ಆಲಿವ್ ಕಡೆ ವಾಲಿದ ಬೂದಿ ಬಳಸಲಿ, ಎಂಜಿನ್ ಹೊದಿಕೆಗೆ ಅಚ್ಚ ಕಪ್ಪಿನ ಬದಲು ನೀಲಿಗಪ್ಪು. ಒಳಭಾಗದಲ್ಲಿ ತುಕ್ಕು ಹಿಡಿಯದಂತೆ ಬಳಿಯುತ್ತಿದ್ದ ‘ಅವೊಟಾಕೆ’ ಎಂಬ ಪಾರದರ್ಶಕ ನೀಲಿ-ಹಸಿರು ಲೇಪನವನ್ನು ಮಾಡುವುದು ಸುಲಭ. ಮೊದಲು ಅಲ್ಯುಮಿನಿಯಂ ಬಣ್ಣ, ಮೇಲೆ ಪಾರದರ್ಶಕ ನೀಲಿ ಮತ್ತು ಹಸಿರಿನ ತೆಳು ಕೋಟು.

ಚಿಕ್ಕ ಮಾಡೆಲ್, ದೊಡ್ಡ ಜಗಳ

ಅಸಲಿ ಬಣ್ಣವನ್ನೇ ಡಬ್ಬಿಯಿಂದ ತಂದು ಮಾಡೆಲ್‌ಗೆ ಬಳಿದರೂ ಅದು ಕಪ್ಪಾಗಿ ಕಾಣುತ್ತದೆ ಎನ್ನುವುದು ಹವ್ಯಾಸಿಗಳ ಹಳೆಯ ಅನುಭವ. ಅದಕ್ಕೆ ‘ಸ್ಕೇಲ್ ಎಫೆಕ್ಟ್’ ಎಂದು ಹೆಸರು. 1/72ಕ್ಕೆ ಶೇ. 15ರಷ್ಟು ಬಿಳಿ, 1/48ಕ್ಕೆ ಶೇ. 10, 1/32ಕ್ಕೆ ಶೇ. 7 ಬೆರೆಸಿ ಎಂಬ ಲೆಕ್ಕ ಕೈಯಿಂದ ಕೈಗೆ ಓಡಾಡುತ್ತದೆ. ಕಾರಣ ಕೇಳಿದರೆ ದೂರದ ಬೆಟ್ಟ ಮಸುಕಾಗಿ ಕಾಣುವುದಿಲ್ಲವೇ, ಹಾಗೆ ಎನ್ನುತ್ತಾರೆ.

ಈ ಕಾರಣ ನನಗೆ ಒಪ್ಪಿಗೆಯಿಲ್ಲ. 1/72ರ ಮಾಡೆಲನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ ಅಸಲಿ ವಿಮಾನವನ್ನು 21.6 ಮೀಟರ್ ದೂರದಿಂದ ನೋಡಿದಂತೆ. ಅಷ್ಟು ದೂರದ ಗಾಳಿ ಯಾವ ಬಣ್ಣವನ್ನೂ ಮಸುಕು ಮಾಡುವುದಿಲ್ಲ. ರಸ್ತೆಯ ಆಚೆ ನಿಂತ ಬಸ್ಸಿನ ಬಣ್ಣ ನಮಗೆ ಸರಿಯಾಗಿಯೇ ಕಾಣುತ್ತದೆ. ನಿಜವಾದ ಕಾರಣ ಬೆಳಕು. ನಡುಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಆಸುಪಾಸು, ನಮ್ಮ ಹಜಾರದ ಟ್ಯೂಬ್‌ಲೈಟ್ ಕೆಲವು ನೂರು ಲಕ್ಸ್. ಬಿಸಿಲಲ್ಲಿ ನಿಂತ ವಿಮಾನವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಅದರ ಮಾಡೆಲನ್ನು ಮಬ್ಬುಬೆಳಕಿನ ಗಾಜಿನ ಕಪಾಟಿನಲ್ಲಿ ನೋಡುತ್ತೇವೆ. ಅದಕ್ಕೇ ಗಾಢ ಬಣ್ಣಗಳು ಇನ್ನಷ್ಟು ಗಾಢವಾಗುತ್ತವೆ.

ಕಾರಣ ಬದಲಾದರೆ ಮದ್ದೂ ಬದಲಾಗಬೇಕು. ಅಳತೆಗೆ ತಕ್ಕಂತೆ ಬಿಳಿ ಸುರಿಯುವ ಬದಲು ಮಾಡೆಲ್ ಕೊನೆಗೆ ಎಲ್ಲಿ ಕೂರುತ್ತದೋ ಆ ಬೆಳಕಿನಲ್ಲಿ ಬಣ್ಣ ಪರೀಕ್ಷಿಸಿ. ತಿಳಿಗೊಳಿಸಲೇಬೇಕೆಂದರೆ ಡಾರ್ಕ್ ಗ್ರೀನ್‌ಗೆ ಬಿಳಿ ಹಾಕಬೇಡಿ, ಅದು ಸೀಮೆಸುಣ್ಣದ ಹಸಿರಾಗುತ್ತದೆ. ಸ್ವಲ್ಪ ತಿಳಿಕಂದು ಅಥವಾ ಹಳದಿಯಂಶದ ಬೂದಿ ಹಾಕಿ. ಡಾರ್ಕ್ ಅರ್ಥ್‌ಗೆ ಮರಳಿನ ಬಣ್ಣ. ಕಪ್ಪನ್ನಂತೂ ಯಾವ ಮಾಡೆಲ್ ಮೇಲೂ ಅಚ್ಚ ಕಪ್ಪಾಗಿ ಬಳಿಯಬೇಡಿ, ಕಡು ಬೂದಿ ಸಾಕು. ಟೈರಿಗೂ ಅಷ್ಟೇ.

ಪರೀಕ್ಷೆಯ ಬೆಳಕಿನ ಬಗ್ಗೆ ಇನ್ನೊಂದು ಮಾತು. ಸೀರೆ ಅಂಗಡಿಯಲ್ಲಿ ಬ್ಲೌಸ್ ಪೀಸ್ ಹೊಂದಿಸುವ ಹೆಂಗಸರು ಬಟ್ಟೆಯನ್ನು ಬಾಗಿಲ ಬಳಿ ಹಗಲ ಬೆಳಕಿಗೆ ತಂದು ನೋಡುತ್ತಾರಲ್ಲ, ಅದರಲ್ಲಿ ಶುದ್ಧ ವಿಜ್ಞಾನವಿದೆ. ಬೇರೆ ಬೇರೆ ವರ್ಣದ್ರವ್ಯಗಳಿಂದ ಮಾಡಿದ ಎರಡು ಬಣ್ಣಗಳು ಒಂದು ದೀಪದ ಕೆಳಗೆ ಒಂದೇ ಆಗಿ, ಇನ್ನೊಂದರ ಕೆಳಗೆ ಬೇರೆಯಾಗಿ ಕಾಣಬಲ್ಲವು. ಆಲಿವ್, ಬೂದಿ, ಸ್ಕೈನಂಥ ಮಿಶ್ರ ಬಣ್ಣಗಳಲ್ಲಿ ಇದು ಇನ್ನೂ ಹೆಚ್ಚು. ನೇರ ಬಿಸಿಲು ಬೀಳದ ಕಿಟಕಿಯ ಬಳಿ ಒಮ್ಮೆ, ಕಪಾಟಿನ ಎಲ್‌ಇಡಿ ಕೆಳಗೆ ಇನ್ನೊಮ್ಮೆ ನೋಡಿ. ಫೋನಿನ ಪರದೆಯ ಮೇಲೆ ಕಾಣುವ ಬಣ್ಣದ ಚೂರಿಗೆ ಹೊಂದಿಸಲು ಮಾತ್ರ ಹೋಗಲೇಬೇಡಿ. ಒದ್ದೆ ಬಣ್ಣ ನೋಡಿ ತೀರ್ಮಾನಿಸುವುದೂ ಬೇಡ. ಒಣಗಿದಾಗ ಕೆಲವು ಗಾಢವಾಗುತ್ತವೆ, ಕೆಲವು ತಿಳಿಯಾಗುತ್ತವೆ.

ಬಾಟಲಿ, ತಿನ್ನರ್, ಮಳೆಗಾಲ

ಹಾಳೆಯಲ್ಲಿ ಕೊಟ್ಟ ನಂಬರನ್ನು ನಂಬುವ ಮೊದಲು ಆ ನಂಬರು ಯಾರದೆಂದು ನೋಡಿ. ಏರ್‌ಫಿಕ್ಸ್ ಮತ್ತು ಹಂಬ್ರಾಲ್ ಎರಡನ್ನೂ 2006ರಲ್ಲಿ ಹಾರ್ನ್‌ಬಿ ಕಂಪನಿ ಕೊಂಡಿತು. ಏರ್‌ಫಿಕ್ಸ್ ಹಾಳೆಯಲ್ಲಿ ಹಂಬ್ರಾಲ್ ನಂಬರು ಮಾತ್ರ ಇರುವುದರಲ್ಲಿ ಆಶ್ಚರ್ಯವಿಲ್ಲ. ಸರಿಯಾದ ಬಣ್ಣ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಹತ್ತಿರದ್ದನ್ನು ಬರೆದಿರುತ್ತಾರೆ. ಟಮಿಯಾ ತನ್ನ ಬಣ್ಣಗಳನ್ನೇ ಹೇಳುತ್ತದೆ, ಕೆಲವೊಮ್ಮೆ ಎರಡನ್ನು ಬೆರೆಸಲು ಅನುಪಾತ ಕೊಡುತ್ತದೆ. ಹಾಸೆಗಾವಾ ಮಿಸ್ಟರ್ ಕಲರ್ ನಂಬರು ಕೊಡುತ್ತದೆ.

ಹರಿಕೇನಿಗೆ ಹಂಬ್ರಾಲ್ ಎನಾಮಲ್‌ನಲ್ಲಿ 29 ಡಾರ್ಕ್ ಅರ್ಥ್. ಟಮಿಯಾದಲ್ಲಿ ಎಕ್ಸ್‌ಎಫ್-81 ಬ್ರಿಟಿಷ್ ಡಾರ್ಕ್ ಗ್ರೀನ್, ಎಕ್ಸ್‌ಎಫ್-83 ಮೀಡಿಯಮ್ ಸೀ ಗ್ರೇ. ಇವೆರಡನ್ನೂ ರಾಯಲ್ ಏರ್ ಫೋರ್ಸ್‌ಗೆಂದೇ ತಂದದ್ದು. ಟಮಿಯಾದ ಕಂದು ಎಕ್ಸ್‌ಎಫ್-52 ಮಾತ್ರ ವಿಮಾನಕ್ಕಿಂತ ನೆಲಕ್ಕೆ ಹೆಚ್ಚು ಹೊಂದುತ್ತದೆ ಎನ್ನುವುದು ನನ್ನ ಅಭಿಪ್ರಾಯ. ವಲ್ಲೆಹೊ, ಎಕೆ, ಕಲರ್‌ಕೋಟ್ಸ್‌ನಂಥ ಕಂಪನಿಗಳು ವಿಮಾನದ ಹೆಸರಿಟ್ಟೇ ಬಣ್ಣ ಮಾರುತ್ತವೆ. ಆ ಹೆಸರೂ ಆಧಾರವಲ್ಲ, ಚೂರು ಬಳಿದು ನೋಡುವ ಕೆಲಸ ತಪ್ಪುವುದಿಲ್ಲ.

ಎನಾಮಲ್, ಲ್ಯಾಕರ್ ಎರಡೂ ಬೆಂಕಿ ಹತ್ತುವಂಥವು. ಅದಕ್ಕೇ ವಿಮಾನದ ಪಾರ್ಸೆಲ್‌ಗಳಲ್ಲಿ ಇವನ್ನು ಕಳಿಸಲು ನಿರ್ಬಂಧವಿದೆ, ಹೊರದೇಶದಿಂದ ತರಿಸುವುದು ಕಷ್ಟ. ಬೇಕಾದ ಬಾಟಲಿ ಸಿಗದಿದ್ದರೆ ಊರಿನ ಸ್ಟೇಷನರಿ ಅಂಗಡಿಯ ಕ್ಯಾಮ್ಲಿನ್ ಅಥವಾ ಫೆವಿಕ್ರಿಲ್ ಅಕ್ರಿಲಿಕ್‌ನಿಂದಲೂ ಕೆಲಸವಾಗುತ್ತದೆ. ಪ್ರೈಮರ್ ಬಳಿದ ಮೇಲೆಯೇ ಹಚ್ಚಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ಹಿಡಿಯುವುದಿಲ್ಲ. ಡಾರ್ಕ್ ಅರ್ಥ್‌ಗೆ ರಾ ಅಂಬರ್‌ನಿಂದ ಶುರುಮಾಡಿ ಯೆಲ್ಲೊ ಓಕರ್, ತುಸು ಬಿಳಿ ಸೇರಿಸುತ್ತ ಹೋಗಿ. ಡಾರ್ಕ್ ಗ್ರೀನ್‌ಗೆ ಹಸಿರು ಟ್ಯೂಬಿನಿಂದ ಶುರುಮಾಡುವುದಕ್ಕಿಂತ ಕಪ್ಪಿಗೆ ಓಕರ್ ಬೆರೆಸಿ ನೋಡಿ. ಕಪ್ಪು-ಹಳದಿ ಕೂಡಿದರೆ ಬರುವ ಮಂಕು ಹಸಿರು ಸೈನ್ಯದ ಹಸಿರಿಗೆ ಬಹಳ ಹತ್ತಿರ.

ತಿನ್ನರ್ ಅದಲುಬದಲಾದರೆ ಬಣ್ಣ ಹಾಳು. ಟಮಿಯಾ ಅಕ್ರಿಲಿಕ್‌ಗೆ ಅದರದೇ ತಿನ್ನರ್, ಇಲ್ಲವೇ ಔಷಧಿ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್. ಅದೇ ಆಲ್ಕೊಹಾಲನ್ನು ವಲ್ಲೆಹೊ ಬಣ್ಣಕ್ಕೆ ಹಾಕಿದರೆ ಮೊಸರಿನಂತೆ ಒಡೆಯುತ್ತದೆ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ತಿನ್ನರ್ ಏರ್‌ಬ್ರಷ್ ತೊಳೆಯಲು ಒಳ್ಳೆಯದು, ಮಾಡೆಲ್ ಮೇಲೆ ಸಿಂಪಡಿಸಿದರೆ ಪ್ಲಾಸ್ಟಿಕ್ಕನ್ನೇ ತಿನ್ನಬಹುದು. ಲ್ಯಾಕರ್ ಬಳಸುವವರು ಕಿಟಕಿ ತೆರೆದು, ಆವಿ ತಡೆಯುವ ಮಾಸ್ಕ್ ಹಾಕಿಕೊಳ್ಳಿ. ಬಟ್ಟೆಯ ಮಾಸ್ಕ್ ಸಾಲದು. ಕರಾವಳಿಯಲ್ಲಿ ಜೂನ್-ಜುಲೈನಲ್ಲಿ ಲ್ಯಾಕರ್ ಹೊಡೆದರೆ ಗಾಳಿಯ ತೇವ ಒಳಸೇರಿ ಬಣ್ಣದ ಮೇಲೆ ಬಿಳಿ ಮಂಜು ಕವಿಯುತ್ತದೆ. ಮಂಗಳೂರು, ಉಡುಪಿಯವರು ಆ ಎರಡು ತಿಂಗಳು ಕಾಕ್‌ಪಿಟ್, ಎಂಜಿನ್‌ನಂಥ ಬ್ರಷ್ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ಹರಿಕೇನ್ ಬಳಿಯುವಾಗ ಒಂದು ಸಂಗತಿ ಉಳಿದ ಫೈಟರ್‌ಗಳಿಗಿಂತ ಬೇರೆ. ಅದರ ರೆಕ್ಕೆ ಲೋಹದ್ದು, ಬೆನ್ನಿನ ಹಿಂಭಾಗ ಮತ್ತು ಬಾಲದ ಚಲಿಸುವ ಭಾಗಗಳು ಬಟ್ಟೆ ಹೊದಿಸಿದವು. ಬಟ್ಟೆಯ ಮೇಲಿನ ಡೋಪ್ ಬಣ್ಣವೂ ಲೋಹದ ಮೇಲಿನದೂ ಬಿಸಿಲಿಗೆ ಒಂದೇ ರೀತಿ ಮಾಸುವುದಿಲ್ಲ. ಆದ್ದರಿಂದ ಹಿಂಭಾಗಕ್ಕೆ ಅದೇ ಬಣ್ಣಕ್ಕೆ ಎರಡು ಹನಿ ತಿಳಿಬೂದಿ ಸೇರಿಸಿದ ತೆಳು ಕೋಟು ಕೊಡಿ. ಬಣ್ಣ ಎದ್ದು ಬೆಳ್ಳಿ ಕಾಣುವ ಗೀರುಗಳನ್ನು ರೆಕ್ಕೆಯ ಬುಡದಲ್ಲಿ, ಪೈಲಟ್ ಕಾಲಿಡುವ ಕಡೆ, ಎಂಜಿನ್ ಹೊದಿಕೆಯ ತಿರುಪುಗಳ ಸುತ್ತ ಮಾತ್ರ ಹಾಕಬಹುದು. ಬಟ್ಟೆಯ ಮೇಲೆ ಬೆಳ್ಳಿ ಗೀರು ಹಾಕಿದ ಮಾಡೆಲ್‌ಗಳನ್ನು ಸ್ಪರ್ಧೆಗಳಲ್ಲಿ ಈಗಲೂ ನೋಡುತ್ತೇನೆ. ಬಟ್ಟೆ ಹರಿದರೆ ಒಳಗೆ ಲೋಹ ಹೊಳೆಯುವುದಿಲ್ಲ.

ಕಾಕ್‌ಪಿಟ್ ಒಳಗೆ ಬ್ರಿಟಿಷ್ ಗ್ರೇ-ಗ್ರೀನ್, ಅಮೆರಿಕನ್ ಇಂಟೀರಿಯರ್ ಗ್ರೀನ್ ಅಲ್ಲ. ಕೊಳವೆಗಳ ಚೌಕಟ್ಟಿಗೆ ಅಲ್ಯುಮಿನಿಯಂ. ಹೊರಮೈಯಲ್ಲಿ ಮೊದಲು ಕೆಳಮೈ, ಆಮೇಲೆ ಕಂದು, ಕೊನೆಗೆ ಹಸಿರು. ಡಿಕಾಲ್ ಹಾಕುವ ಮೊದಲು ಹೊಳಪಿನ ವಾರ್ನಿಷ್, ಇಲ್ಲದಿದ್ದರೆ ಅದರ ಕೆಳಗೆ ಗಾಳಿ ಕೂತು ಬೆಳ್ಳಗೆ ಮಿಂಚುತ್ತದೆ. ಹೊಳಪು ಕೋಟು ಬಿದ್ದ ಕೂಡಲೇ ಇಡೀ ವಿಮಾನ ಗಾಢವಾದಂತೆ ಕಂಡು ಗಾಬರಿಯಾಗುತ್ತದೆ. ಕೊನೆಯ ಹೊಳಪಿಲ್ಲದ ಕೋಟು ಬಿದ್ದಾಗ ಬಣ್ಣ ಮತ್ತೆ ತಿಳಿಯಾಗುತ್ತದೆ. ಪರೀಕ್ಷೆಯ ಚೂರಿನ ಮೇಲೂ ಈ ಎರಡು ವಾರ್ನಿಷ್ ಬಿದ್ದ ನಂತರವೇ ಹೋಲಿಕೆ ಮಾಡಿ.

ಬೆರೆಸಿದ ಬಣ್ಣವನ್ನು ಬೇಕಾದ್ದಕ್ಕಿಂತ ಇಮ್ಮಡಿ ಮಾಡಿ ಚಿಕ್ಕ ಶೀಷೆಯಲ್ಲಿಡಿ. ಅನುಪಾತ, ಕಂಪನಿ, ತಾರೀಖು ಬರೆದ ಚೀಟಿ ಶೀಷೆಗೆ ಅಂಟಿಸಿ, ಪರೀಕ್ಷೆಯ ಚೂರನ್ನು ಅದೇ ಚೀಟಿಯ ಜೊತೆ ಎತ್ತಿಡಿ. ರೆಕ್ಕೆಯ ತುದಿ ಎಂದಾದರೂ ಕೈತಾಗಿ ಮುರಿದರೆ ಅದೇ ಹಸಿರು ಎರಡನೇ ಸಲ ಬೆರೆಸಲು ಬರುವುದಿಲ್ಲ.